ದಂಡಿಗೆ ಮೊದಲು ಬಂದು ನೆಲೆಸಿದವರು ಯಾರು? ಬೆಂಗಳೂರು ಕಂಟೋನ್ಮೆಂಟಿನ ಹಳಬರ ಬಗ್ಗೆ ಒಂದು ಮಾತುಕತೆ

ಹಲಸೂರಿನ ಮೊಮ್ಮಗ:
ನಮ್ಮಜ್ಜಿ ಹಲಸೂರಿನಲ್ಲೇ ಹುಟ್ಟಿ ಬೆಳೆದವರು. ಎಂ.ಜಿ. ರಸ್ತೆ ಅನ್ನೋ ಹೆಸರು ಕೊನೆವರೆಗೂ ಅವರ ಬಾಯಿಗೆ ಹತ್ತಲಿಲ್ಲ. ಆ ಕಡೆ ಹೊರಟರೆ "ದಂಡಿಗೆ ಹೋಗ್ಬರ್ತೀನಿ" ಅಂತಿದ್ದರು. ದಂಡು ಅಂದರೆ ಕಂಟೋನ್ಮೆಂಟ್, ಪಡೆ ಬೀಡುಬಿಟ್ಟ ಜಾಗ. ಚಿಕ್ಕಪೇಟೆ ಕಡೆ ಹೊರಟರೆ "ಪೇಟೆಗೆ ಹೋಗ್ಬರ್ತೀನಿ". ದಂಡಿಗೆ ಒಂದು ಸೀರೆ, ಪೇಟೆಗೆ ಇನ್ನೊಂದು ಸೀರೆ ಉಡುತ್ತಿದ್ದರಂತೆ. ಒಂದೇ ಊರಿನಲ್ಲಿ ಎರಡು ಊರು ಇದ್ದವು ಅನ್ನೋದು ನನಗೆ ಮೊದಲು ಗೊತ್ತಾಗಿದ್ದು ಅವರ ಸೀರೆಯಿಂದಲೇ.

ನನಗೆ ತಿಳಿದಷ್ಟು ಮೊದಲು ಹೇಳಿಬಿಡ್ತೀನಿ. 1791ರಲ್ಲಿ ಬ್ರಿಟಿಷರ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆ ಹಿಡಿದ. 1799ರಲ್ಲಿ ಟಿಪ್ಪು ಸತ್ತು ಶ್ರೀರಂಗಪಟ್ಟಣ ಬಿತ್ತು. ಬ್ರಿಟಿಷರ ಪಡೆ ಮೊದಲು ಅಲ್ಲೇ ಬೀಡುಬಿಟ್ಟಿತ್ತು. ಆದರೆ ಅಲ್ಲಿನ ಸೊಳ್ಳೆ, ಜ್ವರದ ಕಾಟಕ್ಕೆ ಸಿಪಾಯಿಗಳು ಹಾಸಿಗೆ ಹಿಡಿಯತೊಡಗಿದರು. ಎತ್ತರದ ತಂಪು ಜಾಗ ಬೇಕಾಯಿತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. 1809ರ ಹೊತ್ತಿಗೆ ಹಲಸೂರಿನ ಪಕ್ಕ ದಂಡು ಬಂದು ಕೂತಿತು. ನಡುವೆ ಪರೇಡ್ ಮೈದಾನ, ದಕ್ಷಿಣಕ್ಕೆ ದೊಡ್ಡ ಕಾಂಪೌಂಡಿನ ಬಂಗಲೆಗಳು, ಉತ್ತರಕ್ಕೆ ಬಜಾರು. ಇವತ್ತಿಗೂ ಇನ್‌ಫೆಂಟ್ರಿ ರಸ್ತೆ, ಬ್ರಿಗೇಡ್ ರಸ್ತೆ ಅಂತ ಪಡೆಯ ಹೆಸರುಗಳೇ ಇವೆ.

ಬ್ರಿಟಿಷ್ ಅಧಿಕಾರಿಗಳಾದ ಕಬ್ಬನ್, ಬೌರಿಂಗ್, ಸ್ಯಾಂಕಿ ಹೆಸರು ಎಲ್ಲರಿಗೂ ಗೊತ್ತು. ಅವರು ಕೆಲಸಕ್ಕೆ ಬಂದರು, ಕೆಲಸ ಮುಗಿಸಿ ಹೊರಟರು. ಇಲ್ಲೇ ಉಳಿದವರು ಯಾರು? ದಂಡಿನ ಹಿಂದೆ ಬಂದು ಮನೆ ಕಟ್ಟಿ, ಮಕ್ಕಳನ್ನು ಬೆಳೆಸಿ, ಇಲ್ಲೇ ಮಣ್ಣಾದವರು? ಊರು ಕಟ್ಟಿದವರು ಅವರೇ ಅಂತ ನನ್ನ ನಂಬಿಕೆ. ತಿಳಿದವರು ಬರೆಯಿರಿ.

ಪೇಟೆಯವಳು:
ಒಂದು ಮಾತು ಸೇರಿಸ್ತೀನಿ. 1809 ಅಂತ ಒಂದೇ ದಿನಕ್ಕೆ ಗೆರೆ ಎಳೆಯೋದು ಕಷ್ಟ. ಪಡೆ ಅದಕ್ಕೆ ಒಂದೆರಡು ವರ್ಷ ಮೊದಲೇ ಬರೋಕೆ ಶುರುವಾಗಿತ್ತು. ಸೇಂಟ್ ಮಾರ್ಕ್ಸ್ ಚರ್ಚಿನ ಕೆಲಸ ಶುರುವಾಗಿದ್ದು 1808ರಲ್ಲಿ.

ಇನ್ನೊಂದು ಮಾತು. ದಂಡು ಖಾಲಿ ಬಯಲಿಗೆ ಬಂದದ್ದಲ್ಲ. ಹಲಸೂರು ಆಗಲೇ ಹಳೇ ಊರು. ಸೋಮೇಶ್ವರ ದೇವಸ್ಥಾನ ಇತ್ತು, ಕೆರೆ ಇತ್ತು. ಕೆಂಪೇಗೌಡರ ನಾಲ್ಕು ಗಡಿಗೋಪುರಗಳಲ್ಲಿ ಒಂದು ಅದೇ ಕೆರೆ ಹತ್ತಿರ ಇದೆ. ಅಂದರೆ ದಂಡಿನ ಒಂದು ತುದಿ ನಮ್ಮ ಗೌಡರ ಗಡಿಗೆ ತಾಗಿಕೊಂಡೇ ಇತ್ತು. "ಮೊದಲು ಬಂದವರು" ಅನ್ನೋ ಮಾತು ಬಳಸುವಾಗ ಅಲ್ಲಿ ಮೊದಲೇ ಹೊಲ ಉಳುತ್ತಿದ್ದವರನ್ನು ಮರೆಯೋದು ಬೇಡ ಅಲ್ವಾ?

ಹಲಸೂರಿನ ಮೊಮ್ಮಗ:
ಖಂಡಿತ ಅಕ್ಕಾ. ನಮ್ಮಜ್ಜಿಯ ತವರಿನವರೂ ಅಂಥವರೇ. ನಾನು "ಮೊದಲು" ಅನ್ನದೆ ಬರೀ "ಬಂದು ನೆಲೆಸಿದವರು" ಅಂತ ಕೇಳಬೇಕಿತ್ತು.

ಲಾಯದ ಬೀದಿ:
ನನ್ನ ಕೇಳಿದರೆ ಮೊದಲ ಹೆಸರು ಆಗಾ ಅಲಿ ಆಸ್ಕರ್. ಹುಟ್ಟಿದ್ದು ಇರಾನಿನ ಶಿರಾಜ್‌ನಲ್ಲಿ. 1824ರಲ್ಲಿ, ಹದಿನಾರು ವರ್ಷದ ಹುಡುಗ, ಅಣ್ಣತಮ್ಮಂದಿರ ಜೊತೆ ಕುದುರೆ ಹೊಡೆದುಕೊಂಡು ಬೆಂಗಳೂರಿಗೆ ಬಂದ. ದಂಡು ಅಂದ ಮೇಲೆ ಕುದುರೆ ಬೇಕೇ ಬೇಕು. ಕುದುರೆ ಇಲ್ಲದೆ ತೋಪು ಎಳೆಯೋದು ಹೇಗೆ, ಸವಾರರ ಪಡೆ ನಿಲ್ಲೋದು ಹೇಗೆ?

1834ರಲ್ಲಿ ಮಾರ್ಕ್ ಕಬ್ಬನ್ ಕಮಿಷನರ್ ಆದರು. ಅವರಿಗೆ ಕುದುರೆ ಅಂದರೆ ಪ್ರಾಣ. ಇಬ್ಬರಿಗೂ ಒಳ್ಳೇ ಒಡನಾಟ ಬೆಳೆಯಿತು. ಕಬ್ಬನ್ ಒತ್ತಾಸೆಯಿಂದ ಆಸ್ಕರ್ ಬಂಗಲೆ ಕಟ್ಟಿಸೋ ಕೆಲಸಕ್ಕೂ ಇಳಿದರು. ಈಗಿನ ರಾಜಭವನ, ಕಬ್ಬನ್ ತಮಗಾಗಿ 1840ರ ಹೊತ್ತಿಗೆ ಕಟ್ಟಿಸಿಕೊಂಡ ಮನೆ. ಅದರ ಸುತ್ತಮುತ್ತಲಿನ ಹಳೇ ಬಂಗಲೆಗಳ ಕಥೆ ಕೆದಕಿದರೆ ಆಸ್ಕರ್ ಹೆಸರು ಮತ್ತೆ ಮತ್ತೆ ಸಿಗುತ್ತೆ. ಅವರು ತೀರಿಕೊಂಡದ್ದು 1891ರಲ್ಲಿ. ಶಿರಾಜಿಗೆ ವಾಪಸ್ ಹೋಗಲೇ ಇಲ್ಲ.

ಅವರ ಮೊಮ್ಮಗನೇ ಸರ್ ಮಿರ್ಜಾ ಇಸ್ಮಾಯಿಲ್. 1926ರಿಂದ 1941ರವರೆಗೆ ಮೈಸೂರಿನ ದಿವಾನರು. ನಾಲ್ವಡಿ ಕೃಷ್ಣರಾಜ ಒಡೆಯರ ಜೊತೆ ಒಂದೇ ತರಗತಿಯಲ್ಲಿ ಓದಿದವರು. ಕುದುರೆ ಮಾರೋಕೆ ಬಂದ ಹುಡುಗನ ಮೊಮ್ಮಗ ಇಡೀ ಸಂಸ್ಥಾನ ನಡೆಸಿದ. ಅಲಿ ಆಸ್ಕರ್ ರಸ್ತೆಯಲ್ಲಿ ದಿನಾ ಓಡಾಡೋ ಎಷ್ಟು ಜನರಿಗೆ ಇದು ಗೊತ್ತು? ನನಗೆ ಈ ಊರಿನ ಮೇಲೆ ಪ್ರೀತಿ ಹುಟ್ಟಿದ್ದೇ ಈ ಕಥೆ ಕೇಳಿ.

ಕಲ್ಲುಕೆಲಸದ ಮನೆಯವ:
ಅಣ್ಣ, ಬಂಗಲೆ ಕಟ್ಟಿಸಿದವರ ಹೆಸರು ಬಂತು. ಕಟ್ಟಿದವರ ಬಗ್ಗೆಯೂ ನಾಲ್ಕು ಮಾತು ಆಗಲಿ.

ದಂಡು ಬಂದದ್ದು ಮದ್ರಾಸಿನ ಸೈನ್ಯದಿಂದ. ಹಾಗಾಗಿ ಅದರ ಹಿಂದೆ ಆರ್ಕಾಟು, ವೆಲ್ಲೂರು ಕಡೆಯ ತಮಿಳು ಜನ, ತೆಲುಗು ಜನ ಸಾಲುಗಟ್ಟಿ ಬಂದರು. ಸಿಪಾಯಿಗಳು, ಕಲ್ಲುಕುಟಿಗರು, ಬಡಗಿಗಳು, ಅಡುಗೆಯವರು, ದೋಬಿಗಳು, ದರ್ಜಿಗಳು, ಹಾಲು ಹಾಕೋರು, ಹುಲ್ಲು ಹೊರೋರು. ಮದ್ರಾಸ್ ಸ್ಯಾಪರ್ಸ್ ಅನ್ನೋ ಸೈನ್ಯದ ಎಂಜಿನಿಯರ್ ಪಡೆಯ ಸಿಪಾಯಿಗಳನ್ನು ಈಗಲೂ "ತಂಬಿ" ಅಂತಲೇ ಕರೀತಾರೆ. ನಮ್ಮ ಮನೆಯವರೂ ಆರ್ಕಾಟು ಕಡೆಯವರು. ಮುತ್ತಜ್ಜನ ಅಪ್ಪ ಕಲ್ಲುಕೆಲಸಕ್ಕೆ ಬಂದವರು. ಯಾವ ವರ್ಷ ಅಂತ ಮನೆಯಲ್ಲಿ ಯಾರೂ ಬರೆದಿಟ್ಟಿಲ್ಲ. ಅಠಾರಾ ಕಚೇರಿಯ ಕಲ್ಲು ಹೊಡೆದವರಲ್ಲಿ ಅವರೂ ಒಬ್ಬರು ಅಂತ ಅಪ್ಪ ಹೇಳುತ್ತಿದ್ದರು.

ಈ ಜನರ ನಡುವಿನಿಂದ ಮೇಲೆ ಬಂದವರಲ್ಲಿ ದೊಡ್ಡ ಹೆಸರು ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್. 1827ರಲ್ಲಿ ಬಡ ಮನೆಯಲ್ಲಿ ಹುಟ್ಟಿ, ದಂಡಿನಲ್ಲಿ ವ್ಯಾಪಾರ ಮಾಡಿ ಬೆಳೆದವರು. ಅಠಾರಾ ಕಚೇರಿ ಕಟ್ಟೋ ಗುತ್ತಿಗೆ ಹಿಡಿದವರು ಅವರೇ. ಈಗಿನ ಹೈಕೋರ್ಟ್ ಕಟ್ಟಡ. ನಕ್ಷೆ ಸ್ಯಾಂಕಿಯವರದು, ಕೆಲಸ ಮುಗಿದದ್ದು 1868ರಲ್ಲಿ. ಹದಿನೆಂಟು ಇಲಾಖೆಗಳು ಅಲ್ಲಿಗೆ ಬಂದವು, ಅದಕ್ಕೇ ಆ ಹೆಸರು. ಗುತ್ತಿಗೆಯಲ್ಲಿ ಬಂದ ದುಡ್ಡನ್ನು ಅವರು ಮನೆಗೆ ಮಾತ್ರ ಇಟ್ಟುಕೊಳ್ಳಲಿಲ್ಲ. 1873ರಲ್ಲಿ ಬಡವರ ಮಕ್ಕಳಿಗೆ ಶಾಲೆ ತೆಗೆದರು. ಹಲಸೂರು ಕೆರೆ ಕಡೆಯ ಆರ್.ಬಿ.ಎ.ಎನ್.ಎಂ. ಶಾಲೆ ಅಂತೀವಲ್ಲ, ಆ ಅಕ್ಷರಗಳಲ್ಲಿ ಇರೋದು ರಾಯ್ ಬಹದ್ದೂರ್ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್ ಅನ್ನೋ ಪೂರ್ತಿ ಹೆಸರು. ನಾನು ಅದೇ ಶಾಲೆಯಲ್ಲಿ ಓದಿದವನು. ಹೆಸರಿನ ಅರ್ಥ ತಿಳಿದದ್ದು ಶಾಲೆ ಬಿಟ್ಟು ಎಷ್ಟೋ ವರ್ಷದ ಮೇಲೆ.

ನಗರದ ಕಡೆಯ ಮೇಷ್ಟ್ರು:
ಎಲ್ಲ ಓದಿ ಸಂತೋಷವಾಯಿತು. ಆದರೆ ಒಂದು ವಿಷಯ ಹೇಳದೆ ಇರೋಕಾಗಲ್ಲ. ನಾನು ಶಿವಮೊಗ್ಗ ಜಿಲ್ಲೆಯವನು. ನಮ್ಮ ಕಡೆ 1830-31ರಲ್ಲಿ ನಗರ ಅನ್ನೋ ಸೀಮೆಯ ರೈತರು ಕಂದಾಯದ ಹೊರೆ ತಾಳಲಾರದೆ ದಂಗೆ ಎದ್ದರು. ಬೂದಿ ಬಸಪ್ಪ ಅವರ ಮುಂದಾಳು. ಅದನ್ನು ಅಡಗಿಸೋಕೆ ಕಂಪನಿ ಪಡೆಯೂ ಬಂತು. ಅದೇ ದಂಗೆಯನ್ನು ನೆಪ ಮಾಡಿಕೊಂಡು 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡ. ಐವತ್ತು ವರ್ಷ, 1881ರವರೆಗೆ, ವಾಪಸ್ ಕೊಡಲಿಲ್ಲ. ರಾಜಧಾನಿ ಮೈಸೂರಿನಿಂದ ಬೆಂಗಳೂರಿಗೆ ಬಂದದ್ದೂ ಹೀಗೆ.

ದಂಡಿನ ಬಂಗಲೆ, ಚರ್ಚು, ತೋಟ ಎಲ್ಲವೂ ಚೆಂದ. ಆ ಚೆಂದಕ್ಕೆ ಬೇಕಾದ ದುಡ್ಡು ರೈತರು ಕಟ್ಟಿದ ಕಂದಾಯದಿಂದ ಬಂತು. ಪಡೆ ಅಲ್ಲಿ ಇದ್ದದ್ದು ಈ ಸೀಮೆಯನ್ನು ಅಂಕೆಯಲ್ಲಿ ಇಡೋಕೆ. ಇದನ್ನು ಬಿಟ್ಟು ಬರೆದರೆ ಕಥೆ ಅರ್ಧ ಆಗುತ್ತೆ.

ಪೇಟೆಯವಳು:
ಮೇಷ್ಟ್ರೇ, ನೀವು ಹೇಳಿದ್ದು ನಿಜ. 1881ರಲ್ಲಿ ಸಂಸ್ಥಾನ ಚಾಮರಾಜ ಒಡೆಯರ ಕೈಗೆ ಬಂದಾಗಲೂ ದಂಡು ಮಾತ್ರ ಬರಲಿಲ್ಲ. ಅದನ್ನು ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಅಂತ ಬ್ರಿಟಿಷರೇ ಇಟ್ಟುಕೊಂಡರು. 1947ರವರೆಗೆ ಹಾಗೇ ಇತ್ತು. ಪೇಟೆಗೆ ಒಂದು ಮುನಿಸಿಪಾಲಿಟಿ, ದಂಡಿಗೆ ಒಂದು. ಎರಡೂ ಶುರುವಾಗಿದ್ದು 1862ರಲ್ಲಿ, ಒಂದಾಗಿದ್ದು 1949ರಲ್ಲಿ. ನಮ್ಮಪ್ಪ ಹುಡುಗರಾಗಿದ್ದಾಗ ದಂಡಿಗೆ ಹೋಗೋದು ಅಂದರೆ ಬೇರೆ ಸರ್ಕಾರದ ಜಾಗಕ್ಕೆ ಹೋದ ಹಾಗೆ ಇತ್ತು.

ಶಾಸನದ ಕಲ್ಲು:
ಮೇಷ್ಟ್ರ ಮಾತು ಒಪ್ಪಿಕೊಂಡೇ ಒಬ್ಬರ ಬಗ್ಗೆ ಬರೀಬೇಕು. ಬಿ.ಎಲ್. ರೈಸ್. ಅವರು ಬಿಳಿಯರು ಹೌದು. ಆದರೆ ಹುಟ್ಟಿದ್ದು ಬೆಂಗಳೂರಿನಲ್ಲೇ, 1837ರಲ್ಲಿ. ಅಪ್ಪ ಲಂಡನ್ ಮಿಷನ್ನಿನ ಪಾದ್ರಿ. ಹುಡುಗನ ಕಿವಿಗೆ ಚಿಕ್ಕಂದಿನಿಂದಲೇ ಕನ್ನಡ ಬಿದ್ದಿತ್ತು. ಇಂಗ್ಲೆಂಡಿಗೆ ಹೋಗಿ ಓದಿ, ವಾಪಸ್ ಇಲ್ಲಿಗೇ ಬಂದು ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾದರು. ಅದೇ ಶಾಲೆ ಮುಂದೆ ಸೆಂಟ್ರಲ್ ಕಾಲೇಜು ಆಯಿತು.

ಆಮೇಲೆ ಶಾಲೆಗಳ ಇನ್‌ಸ್ಪೆಕ್ಟರ್ ಕೆಲಸ. ಊರೂರಿಗೆ ಕುದುರೆ ಮೇಲೆ ಹೋಗಬೇಕು. ಹೋದಲ್ಲೆಲ್ಲ ದೇವಸ್ಥಾನದ ಮುಂದೆ, ಕೆರೆ ಏರಿ ಮೇಲೆ, ಹೊಲದ ಬದುವಿನಲ್ಲಿ ಬರಹ ಕೆತ್ತಿದ ಕಲ್ಲುಗಳು. ಜನ ಅದರ ಮೇಲೆ ಬಟ್ಟೆ ಒಗೆಯುತ್ತಿದ್ದರು, ದನ ಕಟ್ಟುತ್ತಿದ್ದರು. ಓದೋಕೆ ಯಾರಿಗೂ ಬರುತ್ತಿರಲಿಲ್ಲ. ರೈಸ್ ಓದೋದನ್ನು ಕಲಿತರು. ಪಂಡಿತರನ್ನು ಜೊತೆಗೆ ಕರೆದುಕೊಂಡು ಹೋಗಿ ಅಚ್ಚು ತೆಗೆಸಿದರು. 1886ರಿಂದ ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳು ಬರೋಕೆ ಶುರುವಾದವು. ಅವರ ಕಾಲದಲ್ಲೇ ಹನ್ನೆರಡು ಸಂಪುಟ, ಹತ್ತಿರ ಹತ್ತಿರ 9,000 ಶಾಸನ. 1892ರಲ್ಲಿ ಮೊಳಕಾಲ್ಮೂರಿನ ಹತ್ತಿರ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಕಂಡುಹಿಡಿದವರೂ ಅವರೇ. ಅಶೋಕನ ಕೈ ಕನ್ನಡ ನಾಡಿನವರೆಗೆ ಚಾಚಿತ್ತು ಅಂತ ಅದರಿಂದ ಗೊತ್ತಾಯಿತು. ಪಂಪಭಾರತ 1898ರಲ್ಲಿ ಅಚ್ಚಾಗಿ ಹೊರಬಂದದ್ದೂ ಅವರ ಕೈಯಿಂದ. ಅಲ್ಲಿವರೆಗೆ ನಮ್ಮ ಆದಿಕವಿ ಓಲೆಗರಿಯ ಕಟ್ಟಿನಲ್ಲೇ ಇದ್ದ.

ನಾನು ಶಾಸನ ಓದೋದನ್ನು ಕಲಿತಾಗ ಮೊದಲು ತೆರೆದ ಪುಟ ರೈಸ್ ಅವರದೇ. ತಪ್ಪು ಓದುಗಳೂ ಇವೆ, ಆಮೇಲಿನವರು ತಿದ್ದಿದ್ದಾರೆ. ಆದರೆ ಅವರು ಅಚ್ಚು ತೆಗೆಸಿದ ಕಲ್ಲುಗಳಲ್ಲಿ ಎಷ್ಟೋ ಈಗ ಜಾಗದಲ್ಲೇ ಇಲ್ಲ. ರಸ್ತೆಗೆ ಹೋದವು, ಪಾಯಕ್ಕೆ ಹೋದವು. ಪುಟದಲ್ಲಿ ಮಾತ್ರ ಉಳಿದಿವೆ. ಅಂಥ ಒಂದು ಕಲ್ಲು ಹುಡುಕಿಕೊಂಡು ಹೋಗಿ ಬರಿಗೈಲಿ ಬಂದಾಗ ಅವರ ಕೆಲಸದ ತೂಕ ತಿಳಿಯುತ್ತೆ.

ಅದಕ್ಕೂ ಮೊದಲು ಅಚ್ಚಿನ ಮನೆಯ ಕಥೆ ಇದೆ. ವೆಸ್ಲಿಯನ್ ಮಿಷನ್ನಿನವರು 1840ರಲ್ಲಿ ಬೆಂಗಳೂರಿನಲ್ಲಿ ಅಚ್ಚುಕೂಟ ಹಾಕಿದರು. ಅದನ್ನು ನೋಡಿಕೊಂಡ ಪಾದ್ರಿ ಜಾನ್ ಗ್ಯಾರೆಟ್ 1849ರಲ್ಲಿ ಭಗವದ್ಗೀತೆಯನ್ನೇ ಸಂಸ್ಕೃತ, ಕನ್ನಡ, ಇಂಗ್ಲಿಷಿನಲ್ಲಿ ಒಟ್ಟಿಗೆ ಅಚ್ಚು ಹಾಕಿದರು. ಈಗಿನ ಬೆಂಗಳೂರು ಅರಮನೆಯ ಜಾಗವೂ ಮೊದಲು ಅವರದೇ. 1873ರಲ್ಲಿ ಅದನ್ನು ಎಳೆಯ ಚಾಮರಾಜ ಒಡೆಯರಿಗಾಗಿ ಕೊಂಡುಕೊಂಡರು.

ಬಂಗಾರಪೇಟೆ:
ನಮ್ಮೂರಿಗೂ ದಂಡಿಗೂ ನಂಟಿದೆ. ಬಂಗಾರಪೇಟೆಯ ಹಳೇ ಹೆಸರು ಬೌರಿಂಗ್‌ಪೇಟೆ, ಕಮಿಷನರ್ ಬೌರಿಂಗ್ ಹೆಸರಿನಿಂದ ಬಂದದ್ದು.

ಆದರೆ ನಮ್ಮ ಕಡೆಯ ಬದುಕು ತಿರುಗಿಸಿದವನು ಇನ್ನೊಬ್ಬ. ಮೈಕಲ್ ಲ್ಯಾವೆಲ್. ಐರ್ಲೆಂಡಿನವನು. ನ್ಯೂಜಿಲೆಂಡಿನಲ್ಲಿ ಮಾವೋರಿಗಳ ಮೇಲಿನ ಯುದ್ಧಕ್ಕೆ ಹೋಗಿದ್ದ ಸೈನಿಕ. ಕೆಲಸ ಬಿಟ್ಟು ಬೆಂಗಳೂರು ದಂಡಿನಲ್ಲಿ ಬಂದು ಕೂತ. ಕೋಲಾರದ ಮಣ್ಣಿನಲ್ಲಿ ಚಿನ್ನ ಇದೆ ಅಂತ ಜಾನ್ ವಾರನ್ ಬರೆದಿದ್ದ ಹಳೇ ವರದಿ ಕಣ್ಣಿಗೆ ಬಿತ್ತು. 1871ರಲ್ಲಿ ಎತ್ತಿನ ಗಾಡಿ ಕಟ್ಟಿಸಿಕೊಂಡು ಹೊರಟ. ಮಣ್ಣು ನೋಡಿದ. 1873ರಲ್ಲಿ ಗಣಿ ತೋಡೋಕೆ ಸರ್ಕಾರಕ್ಕೆ ಅರ್ಜಿ ಹಾಕಿದ. ಅಗೆಯೋಕೆ ಬೇಕಾದಷ್ಟು ದುಡ್ಡು ಅವನಲ್ಲಿ ಇರಲಿಲ್ಲ, ಹಕ್ಕು ಬೇರೆಯವರಿಗೆ ಹೋಯಿತು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ಗಣಿ ಗಣಿಯಾಯಿತು. ಬೆಂಗಳೂರಿನ ಲ್ಯಾವೆಲ್ ರಸ್ತೆ ಅವನ ಹೆಸರಿನದು. ನಮ್ಮ ತಾತ ಆ ಗಣಿಯ ಆಳದಲ್ಲಿ ಕೆಲಸ ಮಾಡಿದವರು. ಲ್ಯಾವೆಲ್ ರಸ್ತೆಯಲ್ಲಿ ನಡೆಯುವಾಗ ನನಗೆ ತಾತನ ಕೆಮ್ಮು ನೆನಪಾಗುತ್ತೆ.

ಮಸೀದಿ ರಸ್ತೆ:
ಉತ್ತರದ ಬಜಾರಿನ ಬಗ್ಗೆ ಯಾರೂ ಜಾಸ್ತಿ ಬರೆದಿಲ್ಲ, ನಾನು ಬರೀತೀನಿ. ಈಗಿನ ಶಿವಾಜಿನಗರವನ್ನು ಆಗ ಬ್ಲ್ಯಾಕ್‌ಪಳ್ಳಿ ಅಂತಿದ್ದರು. ಅಲ್ಲಿ 1818ರಲ್ಲಿ ಫ್ರೆಂಚ್ ಪಾದ್ರಿ ದ್ಯುಬುವಾ ಒಂದು ಸಣ್ಣ ಪ್ರಾರ್ಥನಾ ಮನೆ ಕಟ್ಟಿದರು. ಅದೇ ಬೆಳೆದು 1882ರಲ್ಲಿ ಸೇಂಟ್ ಮೇರಿ ದೊಡ್ಡ ಚರ್ಚ್ ಆಯಿತು. ಸೆಪ್ಟೆಂಬರ್ 8ರ ಹಬ್ಬಕ್ಕೆ ಮಾತೆಗೆ ಸೀರೆ ಉಡಿಸ್ತಾರೆ. ಎಲ್ಲ ಮತದವರೂ ಹೋಗ್ತಾರೆ, ನಾವೂ ಚಿಕ್ಕಂದಿನಿಂದ ಹೋಗಿದ್ದೀವಿ.

ಕಚ್ಛಿ ಮೇಮನ್ ವ್ಯಾಪಾರಿಗಳಲ್ಲಿ ಹಾಜಿ ಸರ್ ಇಸ್ಮಾಯಿಲ್ ಸೇಠ್ (1859-1934) ದೊಡ್ಡವರು. ಫ್ರೇಜರ್ ಟೌನಿನ ಮಸೀದಿ ಅವರದು, ರಸ್ತೆಗೆ ಮಾಸ್ಕ್ ರೋಡ್ ಅನ್ನೋ ಹೆಸರು ಬಂದದ್ದು ಅದರಿಂದ. ಗೋಶಾ ಆಸ್ಪತ್ರೆಯೂ ಅವರ ಕೊಡುಗೆ. ಪರದೆಯಲ್ಲಿರೋ ಹೆಂಗಸರು ಗಂಡು ಡಾಕ್ಟರ ಹತ್ತಿರ ಹೋಗದೆ ಹೆರಿಗೆಯಲ್ಲಿ ಸಾಯುತ್ತಿದ್ದ ಕಾಲ ಅದು. ನಾನು ಹುಟ್ಟಿದ್ದೂ ಅಲ್ಲೇ, ನನ್ನ ಅಮ್ಮ ಹುಟ್ಟಿದ್ದೂ ಅಲ್ಲೇ.

ಫ್ರೇಜರ್ ಟೌನ್ ಬಂದದ್ದು ಪ್ಲೇಗಿನಿಂದ. 1898ರಲ್ಲಿ ಪ್ಲೇಗ್ ಬಂದಾಗ ಇಕ್ಕಟ್ಟಿನ ಬಜಾರಿನಲ್ಲಿ ಜನ ತರಗೆಲೆ ಹಾಗೆ ಉದುರಿದರು. ಗಾಳಿ ಬೆಳಕು ಇರೋ ಮನೆ, ಅಗಲದ ರಸ್ತೆ ಬೇಕು ಅಂತ ಹೊಸ ಬಡಾವಣೆ ಮಾಡಿದರು. ಪೇಟೆ ಕಡೆ ಮಲ್ಲೇಶ್ವರ, ಬಸವನಗುಡಿ ತುಂಬಿದ್ದೂ ಅದೇ ಹೊತ್ತಿಗೆ.

ಸೀಮೆ ಬದನೆ:
ಚರ್ಚಿಲ್ ಹೆಸರು ಇನ್ನೂ ಬಂದಿಲ್ಲ! 1896ರಲ್ಲಿ ಇಲ್ಲಿಗೆ ಬಂದ, ಬೆಂಗಳೂರು ಕ್ಲಬ್ಬಿನ ಲೆಕ್ಕದ ಪುಸ್ತಕದಲ್ಲಿ 13 ರೂಪಾಯಿ ಬಾಕಿ ಈಗಲೂ ಇದೆ. ಆದರೆ ಅವನು ನೆಲೆಸಿದವನಲ್ಲ, ಅಷ್ಟು ಸಾಕು.

ನನಗೆ ಅವನಿಗಿಂತ ದೊಡ್ಡವರು ರೊನಾಲ್ಡ್ ರಾಸ್. 1883ರಲ್ಲಿ ದಂಡಿನ ಡಾಕ್ಟರಾಗಿದ್ದರು. ಬಂಗಲೆಯಲ್ಲಿ ವಿಪರೀತ ಸೊಳ್ಳೆ. ನೋಡಿದರೆ ಕಿಟಕಿ ಹತ್ತಿರ ಇಟ್ಟಿದ್ದ ಪೀಪಾಯಿ ನೀರಿನಲ್ಲಿ ಮರಿಗಳು. ನೀರು ಚೆಲ್ಲಿಸಿದರು, ಸೊಳ್ಳೆ ಕಮ್ಮಿಯಾಯಿತು. ಮುಂದೆ ಮಲೇರಿಯಾ ಸೊಳ್ಳೆಯಿಂದ ಹರಡುತ್ತೆ ಅಂತ ತೋರಿಸಿ 1902ರಲ್ಲಿ ನೊಬೆಲ್ ಪಡೆದರು. ಜ್ವರಕ್ಕೆ ಹೆದರಿ ಶ್ರೀರಂಗಪಟ್ಟಣ ಬಿಟ್ಟು ಬಂದ ದಂಡು ಇದು, ನೆನಪಿರಲಿ.

ಇನ್ನು ಲಾಲ್‌ಬಾಗಿನ ಜಾನ್ ಕ್ಯಾಮರಾನ್. 1874ರಿಂದ 1908ರವರೆಗೆ ತೋಟ ನೋಡಿಕೊಂಡವರು. ಗಾಜಿನ ಮನೆ ಅವರ ಕಾಲದ್ದು. ಸೀಮೆ ಬದನೆಕಾಯಿ ಇಲ್ಲಿ ಬೆಳೆಸಿದವರೂ ಅವರೇ. ತಮಿಳುನಾಡಿನಲ್ಲಿ ಅದನ್ನು ಬೆಂಗಳೂರು ಕತ್ತರಿಕಾಯಿ ಅಂತಾರೆ. ನಾವು ಹೊರಗಿನಿಂದ ಬಂದದ್ದಕ್ಕೆಲ್ಲ ಸೀಮೆ ಅಂತ ಸೇರಿಸಿ ನಮ್ಮದು ಮಾಡಿಕೊಂಡೆವು. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆ ಹಸು. ಸಾಂಬಾರಿಗೆ ಬಿದ್ದ ಮೇಲೆ ಯಾವ ಸೀಮೆಯದಾದರೇನು.

ಪಟ್ಟಂದೂರು ದಾರಿ:
ವೈಟ್‌ಫೀಲ್ಡ್ ಬಿಟ್ಟುಹೋಯಿತು. 1882ರಲ್ಲಿ ಚಾಮರಾಜ ಒಡೆಯರು ಆಂಗ್ಲೋ ಇಂಡಿಯನ್ನರ ಸಂಘಕ್ಕೆ 3,900 ಎಕರೆ ಕೊಟ್ಟರು. ಸಂಘ ಕಟ್ಟಿದವರು ಡಿ.ಎಸ್. ವೈಟ್. ಬಿಳಿಯರ ಕ್ಲಬ್ಬಿನಲ್ಲಿ ಜಾಗ ಇಲ್ಲ, ಊರಿನವರ ಜಗಲಿಯಲ್ಲೂ ಜಾಗ ಇಲ್ಲ, ಅಂಥ ಜನಕ್ಕೆ ಸ್ವಂತ ಹೊಲ, ಮನೆ ಇರಲಿ ಅನ್ನೋ ಆಸೆ ಅವರದು. ವೃತ್ತದ ಸುತ್ತ ಮನೆ ಕಟ್ಟಿದರು. ಬೇಸಾಯ ಅಷ್ಟಾಗಿ ಕೈಹಿಡಿಯಲಿಲ್ಲ. ಒಳವೃತ್ತದಲ್ಲಿ ಒಂದೆರಡು ಹಳೇ ಮನೆ ಈಗಲೂ ಇವೆ, ಬೇಗ ಹೋಗಿ ನೋಡಿ.

ಹಲಸೂರಿನ ಮೊಮ್ಮಗ:
ಎಲ್ಲರಿಗೂ ಧನ್ಯವಾದ. ಮೇಷ್ಟ್ರೇ, ನಿಮ್ಮ ಮಾತು ಮನಸ್ಸಿನಲ್ಲಿದೆ. ಕಬ್ಬನ್ ಪ್ರತಿಮೆ 2020ರಲ್ಲಿ ಹೈಕೋರ್ಟ್ ಮುಂದಿನಿಂದ ಪಾರ್ಕಿನೊಳಕ್ಕೆ ಹೋಯಿತು. ಅದು ಎಲ್ಲಿರಬೇಕು ಅನ್ನೋ ಜಗಳಕ್ಕಿಂತ, ಆ ಕಟ್ಟಡದ ಕಲ್ಲು ಹೊಡೆದವರ ಹೆಸರು ಎಲ್ಲೂ ಇಲ್ಲ ಅನ್ನೋದು ನನ್ನನ್ನು ಜಾಸ್ತಿ ಕಾಡುತ್ತೆ. ಕಲ್ಲುಕೆಲಸದ ಮನೆಯವರೇ, ನಿಮ್ಮ ಮನೆಯಲ್ಲಿ ಹಿರಿಯರು ಯಾರಾದರೂ ಇದ್ದರೆ ಇನ್ನೊಂದು ಸಲ ಕೇಳಿ ನೋಡ್ತೀರಾ?

ಕಲ್ಲುಕೆಲಸದ ಮನೆಯವ:
ನಿನ್ನೆ ಅತ್ತೆಯ ಮನೆಗೆ ಹೋಗಿದ್ದೆ. ಅಪ್ಪನ ಅಕ್ಕ, ಎಂಬತ್ತು ದಾಟಿದೆ. ವರ್ಷ ಅವರಿಗೂ ಗೊತ್ತಿಲ್ಲ. ಆದರೆ ಒಂದು ಮಾತು ಹೇಳಿದರು. ಮುತ್ತಜ್ಜನ ಅಪ್ಪ ಗಾಡಿಯಲ್ಲಿ ಬಂದವರಲ್ಲವಂತೆ, ರೈಲಿನಲ್ಲಿ ಬಂದವರಂತೆ. ಹೊಗೆ ನೋಡಿ ಹೆದರಿ ಉಳಿ ಸುತ್ತಿಗೆಯ ಚೀಲ ತಬ್ಬಿಕೊಂಡು ಕೂತಿದ್ದರು ಅಂತ ಮನೆಯಲ್ಲಿ ಹೇಳಿಕೊಂಡು ಬಂದಿದ್ದಾರೆ. ಇಳಿದದ್ದು ದಂಡು ಸ್ಟೇಷನ್ನಿನಲ್ಲಿ. ಜೋಲಾರಪೇಟೆಯಿಂದ ದಂಡಿಗೆ ರೈಲು ಶುರುವಾಗಿದ್ದು 1864ರ ಆಗಸ್ಟ್ 1. ಅಠಾರಾ ಕಚೇರಿ ಮುಗಿದದ್ದು 1868. ಹಾಗಾದರೆ ಅಪ್ಪ ಹೇಳಿದ್ದು ನಿಜ ಇರಬಹುದು.